ಅಂಗೈಯಗಲದ ಗಣಕಹಲಗೆ

ಮನೆಯ ಗೋಡೆಯ ಮೇಲಿರುವ ವಿದ್ಯುತ್ ಮೀಟರು ಹಗಲಿರುಳೆನ್ನದೆ ಯೂನಿಟ್ಟುಗಳನ್ನು ಎಣಿಸುತ್ತಿರುತ್ತದೆ. ಬಟ್ಟೆ ಒಗೆಯುವ ಯಂತ್ರವು ಇಷ್ಟು ಹೊತ್ತು ನೆನೆಸಬೇಕು, ಇಷ್ಟು ಸಲ ತಿರುಗಿಸಬೇಕು, ಬಳಿಕ ನೀರನ್ನು ಹೊರಬಿಡಬೇಕು ಎಂಬ ಕ್ರಮವನ್ನು ತಪ್ಪದೆ ಪಾಲಿಸುತ್ತದೆ. ನಾಲ್ಕು ರಸ್ತೆಗಳು ಕೂಡುವ ಎಡೆಯಲ್ಲಿ ಕೆಂಪು, ಹಳದಿ, ಹಸಿರು ದೀಪಗಳು ಸರದಿಯಂತೆ ಹೊತ್ತಿ ಆರುತ್ತವೆ. ಇವುಗಳ ಬಳಿ ನಿಂತು ಕ್ಷಣಕ್ಷಣಕ್ಕೂ ಅಪ್ಪಣೆ ಕೊಡುವವರು ಯಾರೂ ಕಾಣುವುದಿಲ್ಲ. ಹಾಗಾದರೆ ಇವುಗಳನ್ನು ನಡೆಸುವವರಾರು?

ಆ ಯಂತ್ರಗಳ ಒಡಲಿನಲ್ಲಿ ಅಡಗಿ ಕುಳಿತಿರುವ ಒಂದು ಸಣ್ಣ ಸಿಲಿಕಾನ್ ಚಿಪ್ಪೇ ಈ ಕೆಲಸವನ್ನು ನಡೆಸುತ್ತದೆ. ಅದಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಸೂಕ್ಷ್ಮನಿಯಂತ್ರಕವೆಂದು ಕರೆಯಬಹುದು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆಯು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೇಜಿನ ಮೇಲಿಡುವ ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಬೇರೆ, ನೆನಪಿನ ಭಾಗ ಬೇರೆ, ಹೊರಗಿನಿಂದ ಸುದ್ದಿಯನ್ನು ಪಡೆದು ಹೊರಗೆ ಅಪ್ಪಣೆಯನ್ನು ಕಳುಹಿಸುವ ಭಾಗ ಬೇರೆ. ಸೂಕ್ಷ್ಮನಿಯಂತ್ರಕದಲ್ಲಾದರೋ ಈ ಮೂರೂ ಒಂದೇ ಚಿಪ್ಪಿನೊಳಗೆ ಅಡಕವಾಗಿವೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ ಎಂಬ ಇಂಜಿನಿಯರುಗಳು ೧೯೭೧ರಲ್ಲಿ ಇಂತಹ ಚಿಪ್ಪೊಂದನ್ನು ರೂಪಿಸಿದರು. ೧೯೭೪ರಲ್ಲಿ ಟಿಎಂಎಸ್ ೧೦೦೦ ಎಂಬ ಹೆಸರಿನ ಚಿಪ್ಪು ಮಾರಾಟಕ್ಕೆ ಬಂದಿತು. ೧೯೮೦ರಲ್ಲಿ ಇಂಟೆಲ್ ಕಂಪನಿಯು ಹೊರತಂದ ೮೦೫೧ ಎಂಬ ಚಿಪ್ಪು ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಾಠದ ವಿಷಯವಾಗಿ ನಿಂತಿದೆ.

ಆದರೆ ಬರಿಯ ಚಿಪ್ಪನ್ನು ಕೈಗೆ ಕೊಟ್ಟರೆ ಹೊಸದಾಗಿ ಕಲಿಯುವವನು ಅದರಿಂದ ಏನನ್ನೂ ಮಾಡಲಾರನು. ಅದಕ್ಕೆ ಹದವರಿತ ವಿದ್ಯುತ್ತು ಬೇಕು, ಕಾಲವನ್ನು ಅಳೆದುಕೊಡುವ ಕಂಪಕ ಬೇಕು, ಗಣಕಯಂತ್ರದೊಡನೆ ಮಾತನಾಡುವ ದಾರಿ ಬೇಕು. ಇವೆಲ್ಲವನ್ನೂ ಮೊದಲೇ ಜೋಡಿಸಿಟ್ಟ ಒಂದು ಸಣ್ಣ ಹಲಗೆಯನ್ನು ಕೊಟ್ಟರೆ, ಕಲಿಯುವವನು ಮೊದಲ ದಿನವೇ ಕೆಲಸಕ್ಕೆ ತೊಡಗಬಹುದು. ಹೀಗೆ ವಿದ್ಯಾರ್ಥಿಗಳಿಗಾಗಿ ಸಿದ್ಧವಾದ ಬೋರ್ಡುಗಳಲ್ಲಿ ಲೋಕಪ್ರಸಿದ್ಧವಾದುದು ಆರ್ಡ್ವಿನೋ ಊನೋ ಎಂಬುದು. ಇಟಲಿಯ ಭಾಷೆಯಲ್ಲಿ ಊನೋ ಎಂದರೆ ಒಂದು. ಈ ಬೋರ್ಡು ೨೦೧೦ರಲ್ಲಿ ಹೊರಬಂದಿತು.

ಈ ಬೋರ್ಡು ಹುಟ್ಟಿದ ಬಗೆಯು ತಿಳಿಯತಕ್ಕದ್ದಾಗಿದೆ. ಇಟಲಿಯ ಉತ್ತರಭಾಗದಲ್ಲಿರುವ ಇವ್ರೇಯ ಎಂಬ ಊರಿನಲ್ಲಿ ವಸ್ತುವಿನ್ಯಾಸವನ್ನು ಕಲಿಸುವ ಒಂದು ವಿದ್ಯಾಸಂಸ್ಥೆಯಿದ್ದಿತು. ಅಲ್ಲಿಯ ವಿದ್ಯಾರ್ಥಿಗಳು ಇಂಜಿನಿಯರುಗಳಲ್ಲ. ವಿದ್ಯುನ್ಮಾನಶಾಸ್ತ್ರದ ಪರಿಚಯ ಅವರಿಗೆ ಇರಲಿಲ್ಲ. ಆ ಕಾಲದಲ್ಲಿ ದೊರೆಯುತ್ತಿದ್ದ ಬೋರ್ಡುಗಳೋ ದುಬಾರಿಯಾಗಿದ್ದುವು, ಕಲಿಯಲು ಕಠಿಣವಾಗಿದ್ದುವು. ಹೆರ್ನಾಂಡೊ ಬರಗಾನ್ ಎಂಬ ವಿದ್ಯಾರ್ಥಿಯು ಅಲ್ಲಿಯೇ ವೈರಿಂಗ್ ಎಂಬ ಸುಲಭವಾದ ಸಾಧನವನ್ನು ೨೦೦೩ರಲ್ಲಿ ರೂಪಿಸಿದನು. ಅದರ ತಳಹದಿಯ ಮೇಲೆ ಮಾಸಿಮೋ ಬಾಂಜಿ, ಡೇವಿಡ್ ಕ್ವಾರ್ಟಿಯೆಲ್ಯೆಸ್ ಮೊದಲಾದವರು ೨೦೦೫ರಲ್ಲಿ ಇನ್ನೂ ಅಗ್ಗವಾದ ಬೋರ್ಡನ್ನು ಕಟ್ಟಿದರು. ಕ್ರಿಸ್ತಶಕ ೧೦೦೨ರಲ್ಲಿ ಇಟಲಿಯ ದೊರೆಯಾದ ಆರ್ಡ್ವಿನ್ ಎಂಬವನ ಹೆಸರು ಆ ಊರಿನ ಒಂದು ಪಾನಗೃಹಕ್ಕಿದ್ದಿತು. ಅದೇ ಹೆಸರು ಬೋರ್ಡಿಗೂ ಬಂದಿತು. ಬೋರ್ಡಿನ ನಕ್ಷೆಯನ್ನು ಅವರು ಗುಟ್ಟಾಗಿಡದೆ ಎಲ್ಲರಿಗೂ ತೆರೆದಿಟ್ಟರು. ಆದುದರಿಂದ ನಾನಾ ದೇಶಗಳ ತಯಾರಕರು ಅಂತಹವೇ ಬೋರ್ಡುಗಳನ್ನು ಮಾಡಿ ಕಡಮೆ ಬೆಲೆಗೆ ಮಾರಲು ಸಾಧ್ಯವಾಯಿತು. ವಿದ್ಯೆಯನ್ನು ಬಚ್ಚಿಡದಿದ್ದರೆ ಅದು ಎಷ್ಟು ದೂರ ಹಬ್ಬಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಈಗ ಬೋರ್ಡನ್ನು ಕೈಯಲ್ಲಿ ಹಿಡಿದು ನೋಡೋಣ. ಅದರ ಉದ್ದ ಸುಮಾರು ೭ ಸೆಂಟಿಮೀಟರು, ಅಗಲ ಸುಮಾರು ೫ ಸೆಂಟಿಮೀಟರು. ಅಂಗೈಯ ಮೇಲೆ ಸುಖವಾಗಿ ಕೂರುತ್ತದೆ. ನಡುವೆ ೨೮ ಕಾಲುಗಳುಳ್ಳ ಕಪ್ಪನೆಯ ಶತಪದಿಯಂತೆ ಕಾಣುವುದೇ ಸೂಕ್ಷ್ಮನಿಯಂತ್ರಕ. ಅದರ ಹೆಸರು ಎಟಿಮೆಗಾ ೩೨೮ಪಿ. ಒಂದು ಬದಿಯಲ್ಲಿ ಗಣಕಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಕಂಡಿ, ಅದರ ಪಕ್ಕದಲ್ಲಿ ಬ್ಯಾಟರಿಯಿಂದ ವಿದ್ಯುತ್ತು ಪಡೆಯುವ ಕಂಡಿ, ಮೂಲೆಯಲ್ಲಿ ಕೆಲಸವನ್ನು ಮೊದಲಿಂದ ಆರಂಭಿಸುವ ಗುಂಡಿ. ಎರಡು ಅಂಚುಗಳಲ್ಲಿಯೂ ಸಾಲಾಗಿ ತೂತುಗಳಿವೆ. ಇವುಗಳನ್ನು ಪಿನ್ನುಗಳೆನ್ನುತ್ತಾರೆ. ೧೪ ಪಿನ್ನುಗಳು 'ಇದೆ' ಅಥವಾ 'ಇಲ್ಲ' ಎಂಬ ಎರಡೇ ಮಾತುಗಳನ್ನು ಬಲ್ಲುವು: ೫ ವೋಲ್ಟ್ ಇದ್ದರೆ 'ಇದೆ', ಸೊನ್ನೆಯಾದರೆ 'ಇಲ್ಲ'. ಇನ್ನು ೬ ಪಿನ್ನುಗಳು ಸೊನ್ನೆಗೂ ಐದಕ್ಕೂ ನಡುವೆ ಎಷ್ಟು ವೋಲ್ಟ್ ಇದೆಯೆಂಬುದನ್ನು ಅಳೆಯಬಲ್ಲುವು. ಮೊದಲಿನವು ಬಾಗಿಲು ತೆರೆದಿದೆಯೆ, ಮುಚ್ಚಿದೆಯೆ ಎಂದು ತಿಳಿಸುವಂತಹವು. ಎರಡನೆಯವು ಬಾಗಿಲು ಎಷ್ಟು ತೆರೆದಿದೆಯೆಂದು ತಿಳಿಸುವಂತಹವು.

ಈ ಚಿಪ್ಪಿನ ನಾಡಿ ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಸಲ ಮಿಡಿಯುತ್ತದೆ. ಅದರ ಸ್ಥಿರವಾದ ನೆನಪಿನಲ್ಲಿ ೩೨,೭೬೮ ಬೈಟುಗಳಷ್ಟು ಜಾಗವಿದೆ. ಲೆಕ್ಕ ಮಾಡುತ್ತಿರುವಾಗ ತಾತ್ಕಾಲಿಕವಾಗಿ ಗುರುತು ಹಾಕಿಕೊಳ್ಳಲು ಇನ್ನೂ ೨,೦೪೮ ಬೈಟುಗಳಿವೆ. ಕೈಫೋನಿನ ನೆನಪಿನ ಮುಂದೆ ಇದು ಸಾಗರದ ಮುಂದಿನ ಹನಿಯೇ ಸರಿ. ಆದರೆ ದೀಪವೊಂದನ್ನು ಹೊತ್ತಿಸಲು, ನೀರಿನ ಮಟ್ಟವನ್ನು ನೋಡಲು, ಮೋಟಾರನ್ನು ತಿರುಗಿಸಲು ಇಷ್ಟೇ ಧಾರಾಳವಾಗಿ ಸಾಕು.

ಚಿಪ್ಪಿಗೆ ಮಾಡಬೇಕಾದ ಕೆಲಸವನ್ನು ಬರೆದು ಕೊಡುವುದಕ್ಕೆ ಪ್ರೋಗ್ರಾಮು ಅಥವಾ ಕ್ರಮವಿಧಿ ಎಂದು ಹೆಸರು. ಅದನ್ನು ಗಣಕಯಂತ್ರದ ಮೇಲೆ ಬರೆಯಬೇಕು. ಗಣಕಯಂತ್ರವು ಅದನ್ನು ಚಿಪ್ಪಿಗೆ ತಿಳಿಯುವ ಅಂಕಿಗಳಾಗಿ ಮಾರ್ಪಡಿಸಿ ತಂತಿಯ ಮೂಲಕ ಕಳುಹಿಸುತ್ತದೆ. ಒಮ್ಮೆ ಕಳುಹಿಸಿಯಾದ ಮೇಲೆ ಗಣಕಯಂತ್ರದ ಹಂಗು ಬೋರ್ಡಿಗೆ ಇಲ್ಲ. ಬ್ಯಾಟರಿಯೊಂದನ್ನು ಜೋಡಿಸಿದರೆ ತಾನೇ ಕೆಲಸ ಮಾಡಿಕೊಂಡಿರುತ್ತದೆ. ವಿದ್ಯುತ್ತು ಹೋದರೂ ಕಲಿತುದನ್ನು ಮರೆಯುವುದಿಲ್ಲ. ಆದುದರಿಂದ ಮನೆಯಲ್ಲಿ ಗಣಕಯಂತ್ರವಿಲ್ಲದ ವಿದ್ಯಾರ್ಥಿಯು ಎದೆಗುಂದಬೇಕಾಗಿಲ್ಲ. ಶಾಲೆಯ ಒಂದೇ ಯಂತ್ರದಿಂದ ಹತ್ತು ಮಂದಿಯ ಬೋರ್ಡುಗಳಿಗೆ ಸರದಿಯಂತೆ ಕ್ರಮವಿಧಿಯನ್ನು ತುಂಬಬಹುದು.

ಅಕ್ಷರಾಭ್ಯಾಸದಲ್ಲಿ ಮೊದಲು 'ಅ' ಬರೆಯುವಂತೆ, ಈ ವಿದ್ಯೆಯಲ್ಲಿ ಮೊದಲು ದೀಪವನ್ನು ಮಿಣುಕಿಸುವುದು ವಾಡಿಕೆ. ಬೋರ್ಡಿನ ಮೇಲೆಯೇ ೧೩ನೆಯ ಪಿನ್ನಿಗೆ ಸೇರಿದ ಒಂದು ಪುಟ್ಟ ಎಲ್‌ಇಡಿ ದೀಪವಿದೆ. ಅದನ್ನು ಮಿಣುಕಿಸುವ ಕ್ರಮವಿಧಿಯನ್ನು ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ:

೧. ೧೩ನೆಯ ಪಿನ್ನನ್ನು ಹೊರಕ್ಕೆ ವಿದ್ಯುತ್ತು ಕಳುಹಿಸಲು ಅಣಿಮಾಡು.
೨. ಆ ಪಿನ್ನಿಗೆ ವಿದ್ಯುತ್ತು ಕೊಡು.
೩. ೧೦೦೦ ಮಿಲಿಸೆಕೆಂಡು ಸುಮ್ಮನಿರು.
೪. ವಿದ್ಯುತ್ತನ್ನು ನಿಲ್ಲಿಸು.
೫. ೧೦೦೦ ಮಿಲಿಸೆಕೆಂಡು ಸುಮ್ಮನಿರು.

ಮೊದಲನೆಯ ಅಪ್ಪಣೆಯನ್ನು ಬೋರ್ಡು ಒಂದೇ ಸಲ ಪಾಲಿಸುತ್ತದೆ. ಉಳಿದ ನಾಲ್ಕನ್ನು ಗಾಣದ ಎತ್ತು ಸುತ್ತುವಂತೆ ಮತ್ತೆ ಮತ್ತೆ ನಡೆಸುತ್ತದೆ. ದೀಪವು ಒಂದು ಸೆಕೆಂಡು ಬೆಳಗಿ, ಒಂದು ಸೆಕೆಂಡು ಆರಿ, ಹೀಗೆಯೇ ಮಿಣುಕುತ್ತಿರುತ್ತದೆ.

ಇನ್ನು ಐದನೆಯ ಅಪ್ಪಣೆಯನ್ನು ಬರೆಯದೆ ಬಿಟ್ಟರೇನಾಗುವುದು? ದೀಪವು ಕೆಟ್ಟಿತೆಂದು ಎಷ್ಟೋ ಮಂದಿ ಭಾವಿಸುತ್ತಾರೆ. ಏಕೆಂದರೆ ಅದು ಮಿಣುಕದೆ ಎಡೆಬಿಡದೆ ಬೆಳಗುತ್ತಿರುವಂತೆ ಕಾಣುತ್ತದೆ. ವಾಸ್ತವವಾಗಿ ಬೋರ್ಡು ದೀಪವನ್ನು ಆರಿಸುತ್ತಲೇ ಇದೆ. ಆದರೆ ಆರಿಸಿದ ಮರುಕ್ಷಣವೇ, ಸೆಕೆಂಡಿನ ಲಕ್ಷಾಂಶದಷ್ಟೂ ತಡೆಯದೆ, ಮತ್ತೆ ಹೊತ್ತಿಸುತ್ತದೆ. ಅಷ್ಟು ಅಲ್ಪವಾದ ಕತ್ತಲೆಯನ್ನು ನಮ್ಮ ಕಣ್ಣು ಗ್ರಹಿಸಲಾರದು. ಈ ಸಣ್ಣ ಪ್ರಯೋಗವು ಕಲಿಸುವ ಪಾಠ ದೊಡ್ಡದು. ನಾವು ಮನಸ್ಸಿನಲ್ಲಿ ಬಯಸಿದ್ದು ಯಂತ್ರಕ್ಕೆ ತಿಳಿಯದು. ನಾವು ಬರೆದುದನ್ನು ಮಾತ್ರವೇ ಅದು ನಡೆಸುತ್ತದೆ. ಆದುದರಿಂದ ತಪ್ಪು ಕಂಡಾಗ ಯಂತ್ರವನ್ನು ಬೈಯುವುದರಿಂದ ಫಲವಿಲ್ಲ. ಬರೆದುದನ್ನು ಸಾಲು ಸಾಲಾಗಿ ಓದಿ, ಯಂತ್ರವು ಅದನ್ನು ಹೇಗೆ ಅರ್ಥಮಾಡಿಕೊಂಡಿತೆಂದು ಆಲೋಚಿಸಬೇಕು. ಗಣಿತದಲ್ಲಿಯಾಗಲಿ ವ್ಯಾಕರಣದಲ್ಲಿಯಾಗಲಿ ಇದಕ್ಕಿಂತ ಒಳ್ಳೆಯ ಶಿಸ್ತು ದೊರೆಯುವುದು ಅಪರೂಪ.

ಹೊರಗಿನ ದೀಪವೊಂದನ್ನು ಬೋರ್ಡಿಗೆ ಜೋಡಿಸುವಾಗ ಭೌತಶಾಸ್ತ್ರದ ಓಮನ ನಿಯಮವು ನಮ್ಮ ನೆರವಿಗೆ ಬರುತ್ತದೆ. ಪಿನ್ನು ಕೊಡುವುದು ೫ ವೋಲ್ಟ್. ಕೆಂಪು ಎಲ್‌ಇಡಿ ದೀಪವು ಬಳಸಿಕೊಳ್ಳುವುದು ಸುಮಾರು ೨ ವೋಲ್ಟ್. ಉಳಿದ ೩ ವೋಲ್ಟನ್ನು ಒಂದು ರೋಧಕವು ತಡೆಯಬೇಕು. ೨೨೦ ಓಮಿನ ರೋಧಕವನ್ನಿಟ್ಟರೆ, ೩ನ್ನು ೨೨೦ರಿಂದ ಭಾಗಿಸಿ, ಸುಮಾರು ೧೪ ಮಿಲಿಆಂಪಿಯರ್ ಪ್ರವಾಹವೆಂದು ತಿಳಿಯುತ್ತದೆ. ಪಿನ್ನು ನಿರಾತಂಕವಾಗಿ ಕೊಡಬಲ್ಲ ಪ್ರವಾಹವು ೨೦ ಮಿಲಿಆಂಪಿಯರ್. ೪೦ನ್ನು ಮೀರಿದರೆ ಚಿಪ್ಪು ಸುಟ್ಟುಹೋಗುವ ಸಂಭವವುಂಟು. ಪಠ್ಯಪುಸ್ತಕದಲ್ಲಿ ಅಂಕಗಳಿಗಾಗಿ ಮಾಡಿದ ಭಾಗಾಹಾರವು ಇಲ್ಲಿ ಚಿಪ್ಪಿನ ಪ್ರಾಣವನ್ನು ಕಾಯುತ್ತದೆ.

ದೀಪವಾದ ಮೇಲೆ ಅಳತೆಯ ಕಡೆಗೆ ಬರೋಣ. ಹೈದರಾಬಾದಿನ ಬೇಸಗೆಯ ಬಿಸಿಲನ್ನು ಬಲ್ಲದವರಾರು? ಆ ಬಿಸಿಯನ್ನು ಅಳೆಯಲು ಎಲ್‌ಎಂ ೩೫ ಎಂಬ ಮೂರು ಕಾಲಿನ ಸಂವೇದಕವು ದೊರೆಯುತ್ತದೆ. ಒಂದು ಕಾಲಿಗೆ ೫ ವೋಲ್ಟ್, ಇನ್ನೊಂದನ್ನು ಸೊನ್ನೆಯ ತಂತಿಗೆ ಸೇರಿಸಿದರೆ, ನಡುವಿನ ಕಾಲು ಪ್ರತಿಯೊಂದು ಸೆಂಟಿಗ್ರೇಡ್ ಡಿಗ್ರಿಗೂ ೧೦ ಮಿಲಿವೋಲ್ಟಿನಂತೆ ಕೊಡುತ್ತದೆ. ೩೦ ಡಿಗ್ರಿಯಾದರೆ ೩೦೦ ಮಿಲಿವೋಲ್ಟ್. ಇದನ್ನು ಅಳೆಯುವ ಪಿನ್ನಿಗೆ ಜೋಡಿಸಿದಾಗ ಬೋರ್ಡು ೫ ವೋಲ್ಟನ್ನು ೧೦೨೪ ಮೆಟ್ಟಿಲುಗಳಾಗಿ ಹಂಚಿ, ಬಂದ ವಿದ್ಯುತ್ತು ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂದು ಹೇಳುತ್ತದೆ. ಬೋರ್ಡು ೬೧ ಎಂದರೆ, ೬೧ನ್ನು ೫೦೦೦ದಿಂದ ಗುಣಿಸಿ ೧೦೨೪ರಿಂದ ಭಾಗಿಸಬೇಕು. ಸುಮಾರು ೨೯೮ ಮಿಲಿವೋಲ್ಟ್, ಎಂದರೆ ೩೦ ಡಿಗ್ರಿಗೆ ತುಸು ಕಡಮೆ. ೮೬ ಎಂದರೆ ೪೨ ಡಿಗ್ರಿ! ಒಂದೊಂದು ಮೆಟ್ಟಿಲೂ ಸುಮಾರು ಅರ್ಧ ಡಿಗ್ರಿಯಷ್ಟಾಗುವುದರಿಂದ, ಅದಕ್ಕಿಂತ ಸೂಕ್ಷ್ಮವಾಗಿ ಅಳೆದೆವೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲವೆಂಬುದನ್ನೂ ಇಲ್ಲಿ ಅರಿಯಬೇಕು.

ಈ ಸಾಧನವನ್ನು ಶಾಲೆಯ ಮೇಲಂತಸ್ತಿನ ಕೊಠಡಿಯಲ್ಲಿ ಒಂದು ದಿನ, ಕೆಳಗಿನ ಕೊಠಡಿಯಲ್ಲಿ ಒಂದು ದಿನ, ಬೇವಿನ ಮರದ ನೆರಳಿನಲ್ಲಿ ಒಂದು ದಿನ ಇಟ್ಟು, ಗಂಟೆಗೊಮ್ಮೆ ಅಂಕಿಯನ್ನು ಬರೆದುಕೊಂಡರೆ ಹೇಗಿರುತ್ತದೆ? ಯಾವ ಕೊಠಡಿ ಯಾವ ಹೊತ್ತಿನಲ್ಲಿ ಎಷ್ಟು ಕಾಯುತ್ತದೆಂಬುದು ಊಹೆಯ ಮಾತಾಗಿ ಉಳಿಯದು. ಯಾವ ತರಗತಿಗೆ ಯಾವ ಹೊತ್ತಿನಲ್ಲಿ ಯಾವ ಕೊಠಡಿಯನ್ನು ಕೊಟ್ಟರೆ ಮಕ್ಕಳಿಗೆ ಹಿತವೆಂದು ಹಿರಿಯರ ಮುಂದೆ ಆಧಾರಸಹಿತವಾಗಿ ಹೇಳಬಹುದು. 'ಸೆಕೆ ಹೆಚ್ಚು' ಎಂಬ ದೂರಿಗೂ, 'ಮಧ್ಯಾಹ್ನ ಎರಡು ಗಂಟೆಗೆ ಈ ಕೊಠಡಿಯಲ್ಲಿ ಇಷ್ಟು ಡಿಗ್ರಿ' ಎಂಬ ಮಾತಿಗೂ ಇರುವ ಅಂತರವೇ ವಿಜ್ಞಾನ.

ನಾವು ಕಲಿಯಲು ಹೊರಟ ಈ ವಿದ್ಯೆಯು ನಮ್ಮ ನಗರಕ್ಕೆ ಹೊಸದೇನಲ್ಲ. ೧೯೬೭ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸರ್ಕಾರಿ ಸಂಸ್ಥೆಯು ಸ್ಥಾಪಿತವಾಯಿತು. ಅದಕ್ಕೆ ಅಡಿಗಲ್ಲಾಗಿ ನಿಂತವರು ಡಾ॥ ಎ. ಎಸ್. ರಾವ್ ಅವರು. ಎ. ಎಸ್. ರಾವ್ ನಗರವೆಂಬ ಬಡಾವಣೆಯು ಇಂದಿಗೂ ಅವರ ನೆನಪನ್ನು ಹೊತ್ತಿದೆ. ೧೯೬೯ರಲ್ಲಿಯೇ ಈ ಸಂಸ್ಥೆಯು ಟಿಡಿಸಿ ೧೨ ಎಂಬ ಗಣಕಯಂತ್ರವನ್ನು ನಿರ್ಮಿಸಿತು. ಮುಂದೆ ನಮ್ಮ ದೇಶದ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವ ಹೊಣೆ ಎರಡು ಸಂಸ್ಥೆಗಳ ಮೇಲೆ ಬಿದ್ದಿತು: ಒಂದು ಹೈದರಾಬಾದಿನ ಈ ಸಂಸ್ಥೆ, ಇನ್ನೊಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ನಾವು ನೆಲೆಸಿದ ನಗರವೂ ನಮ್ಮ ನುಡಿಯ ರಾಜಧಾನಿಯೂ ಒಂದೇ ಕೆಲಸದಲ್ಲಿ ಹೀಗೆ ಕೈಜೋಡಿಸಿರುವುದು ಸಂತೋಷದ ಸಂಗತಿ. ೧೯೮೨ರ ಮೇ ತಿಂಗಳಿನಲ್ಲಿ ಕೇರಳದ ಪರವೂರು ಕ್ಷೇತ್ರದ ೫೦ ಮತಗಟ್ಟೆಗಳಲ್ಲಿ ಈ ಯಂತ್ರವನ್ನು ಮೊದಲ ಬಾರಿಗೆ ಬಳಸಲಾಯಿತು.

ಮತಯಂತ್ರದೊಳಗೂ ಇರುವುದು ಸೂಕ್ಷ್ಮನಿಯಂತ್ರಕವೇ. ಗುಂಡಿ ಒತ್ತಿದುದನ್ನು ತಿಳಿಯುವುದು, ದೀಪವನ್ನು ಹೊತ್ತಿಸುವುದು, ಒಂದನ್ನು ಕೂಡುವುದು, ಅದನ್ನು ನೆನಪಿನಲ್ಲಿ ಇಡುವುದು, ಇವು ಕಲಿಯುವವನ ಬೋರ್ಡೂ ಮಾಡಬಲ್ಲ ಕೆಲಸಗಳು. ೨೦೧೯ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ತೆಲಂಗಾಣದ ನಿಜಾಮಾಬಾದ್ ಕ್ಷೇತ್ರದಲ್ಲಿ ೧೮೫ ಅಭ್ಯರ್ಥಿಗಳು ಕಣದಲ್ಲಿದ್ದರು. ಅವರಲ್ಲಿ ಬಹುಮಂದಿ ರೈತರು. ಒಂದು ಮತಫಲಕದಲ್ಲಿ ೧೬ ಗುಂಡಿಗಳು ಮಾತ್ರ ಇರುತ್ತವೆ. ೧೮೫ ಹೆಸರುಗಳೂ, 'ಮೇಲಿನ ಯಾರೂ ಅಲ್ಲ' ಎಂಬ ಒಂದು ಸಾಲೂ ಸೇರಿ ೧೮೬. ಆದುದರಿಂದ ಪ್ರತಿಯೊಂದು ಮತಗಟ್ಟೆಯಲ್ಲಿಯೂ ೧೨ ಮತಫಲಕಗಳನ್ನು ಒಂದಕ್ಕೊಂದು ಜೋಡಿಸಿಟ್ಟರು.

ಆದರೆ ಮತಯಂತ್ರಕ್ಕೂ ನಮ್ಮ ಬೋರ್ಡಿಗೂ ಒಂದು ಮುಖ್ಯವಾದ ಭೇದವುಂಟು. ಮತಯಂತ್ರದ ಕ್ರಮವಿಧಿಯನ್ನು ತಯಾರಿಕೆಯ ಕಾಲದಲ್ಲಿ ಒಮ್ಮೆ ಬರೆದ ಮೇಲೆ ಮತ್ತೆ ತಿದ್ದಲು ಬಾರದೆಂದು ಚುನಾವಣಾ ಆಯೋಗವು ತಿಳಿಸಿದೆ. ಅದು ಶಿಲಾಶಾಸನದಂತೆ. ಪ್ರಜೆಗಳ ನಂಬಿಕೆಯು ಅದರ ಮೇಲೆ ನಿಂತಿರುವಾಗ, ಕಂಡವರು ತಿದ್ದುವಂತೆ ಇರಲಾಗದು. ಕಲಿಯುವವನ ಬೋರ್ಡಾದರೋ ಹಲಗೆ ಬಳಪದಂತೆ. ಬರೆದು, ಅಳಿಸಿ, ಮತ್ತೆ ಬರೆಯಬಹುದು. ಎಟಿಮೆಗಾ ಚಿಪ್ಪಿನಲ್ಲಿ ಹೀಗೆ ೧೦,೦೦೦ ಸಲ ಬರೆಯಬಹುದೆಂದು ತಯಾರಕರು ಹೇಳುತ್ತಾರೆ. ದಿನಕ್ಕೆ ಹತ್ತು ಸಲ ತಪ್ಪು ಮಾಡಿ ತಿದ್ದಿದರೂ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಶಾಸನವನ್ನು ಕೆತ್ತುವ ಶಿಲ್ಪಿಯೂ ಮೊದಲು ಹಲಗೆಯ ಮೇಲೆ ಅಕ್ಷರ ತಿದ್ದಿದವನೇ ಅಲ್ಲವೆ?

ಇಲ್ಲಿ ಕೆಲವು ಎಚ್ಚರಿಕೆಯ ಮಾತುಗಳನ್ನು ಹೇಳಬೇಕಾಗಿದೆ. ಗೋಡೆಯ ೨೩೦ ವೋಲ್ಟಿನ ವಿದ್ಯುತ್ತಿಗೆ ಬೋರ್ಡಿನ ಪಿನ್ನುಗಳನ್ನು ಎಂದಿಗೂ ಜೋಡಿಸಕೂಡದು. ಅದು ಬೋರ್ಡಿಗೆ ಮಾತ್ರವಲ್ಲದೆ ಪ್ರಾಣಕ್ಕೂ ಅಪಾಯ. ತಂತಿಗಳನ್ನು ಬದಲಾಯಿಸುವಾಗ ಮೊದಲು ವಿದ್ಯುತ್ತನ್ನು ತೆಗೆಯಬೇಕು. ೫ ವೋಲ್ಟಿನ ತಂತಿಯು ಸೊನ್ನೆಯ ತಂತಿಗೆ ನೇರವಾಗಿ ತಗಲಬಾರದು. ಮೋಟಾರನ್ನು ಪಿನ್ನಿಗೆ ನೇರವಾಗಿ ಕಟ್ಟಬಾರದು. ಅದು ಬೇಡುವ ಪ್ರವಾಹವನ್ನು ಪಿನ್ನು ಕೊಡಲಾರದು. ಬೋರ್ಡನ್ನು ಲೋಹದ ತಟ್ಟೆಯ ಮೇಲಾಗಲಿ ಒದ್ದೆ ಕೈಯಿಂದಾಗಲಿ ಬಳಸಬಾರದು.

ಇತರ ಬೋರ್ಡುಗಳೂ ಹಲವಿವೆ. ಬ್ರಿಟನ್ನಿನ ಬಿಬಿಸಿ ಸಂಸ್ಥೆಯು ೨೦೧೬ರಲ್ಲಿ ಮೈಕ್ರೋಬಿಟ್ ಎಂಬ ಪುಟ್ಟ ಬೋರ್ಡನ್ನು ಅಲ್ಲಿಯ ಸುಮಾರು ೧೦ ಲಕ್ಷ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿಸಿತು. ಆ ಮಕ್ಕಳ ವಯಸ್ಸು ಹನ್ನೊಂದು ಹನ್ನೆರಡು. ನಮ್ಮ ದೇಶವೂ ಹಿಂದುಳಿದಿಲ್ಲ. ಸಿ-ಡ್ಯಾಕ್ ಎಂಬ ನಮ್ಮ ಸರ್ಕಾರದ ಸಂಸ್ಥೆಯ ತಿರುವನಂತಪುರದ ವಿಭಾಗವು ವೇಗಾ ಎಂಬ ಸಂಸ್ಕಾರಕಗಳನ್ನು ರೂಪಿಸಿದೆ. ಅವುಗಳಲ್ಲೊಂದನ್ನು ಒಳಗೊಂಡ ತೇಜಸ್ ೩೨ ಎಂಬ ಚಿಪ್ಪನ್ನಿಟ್ಟು, ಏರೀಸ್ ಎಂಬ ಕಲಿಕೆಯ ಬೋರ್ಡುಗಳನ್ನು ಹೊರತಂದಿದೆ. ಅದರ ನಾಡಿ ಸೆಕೆಂಡಿಗೆ ೧೦ ಕೋಟಿ ಸಲ ಮಿಡಿಯುತ್ತದೆ. ಆರ್ಡ್ವಿನೋವಿಗೆ ಕ್ರಮವಿಧಿಯನ್ನು ಬರೆಯುವ ರೀತಿಯಲ್ಲಿಯೇ ಅದಕ್ಕೂ ಬರೆಯಬಹುದು. ಒಂದನ್ನು ಕಲಿತವನಿಗೆ ಇನ್ನೊಂದು ಕಷ್ಟವಾಗದು.

ನಮ್ಮ ನಗರದಲ್ಲಿ ಈ ಸಾಮಗ್ರಿಗಳಿಗಾಗಿ ದೂರ ಅಲೆಯಬೇಕಾಗಿಲ್ಲ. ಕೋಟಿಯ ಗುಜರಾತಿ ಗಲ್ಲಿಯಲ್ಲಿ ಅಂಗಡಿಯ ಪಕ್ಕಕ್ಕೆ ಅಂಗಡಿಯಾಗಿ ವಿದ್ಯುನ್ಮಾನದ ಬಿಡಿಭಾಗಗಳು ಮಾರಾಟಕ್ಕಿವೆ. ನಾಲ್ಕೈದು ಮಂದಿ ಗೆಳೆಯರು ಸೇರಿ ಒಂದು ಬೋರ್ಡನ್ನೂ, ಕೆಲವು ರೋಧಕ ದೀಪಗಳನ್ನೂ ಕೊಂಡರೆ ಯಾರಿಗೂ ಭಾರವಾಗದು. ೨೦೨೩ರ ಮಾರ್ಚಿಯಲ್ಲಿ ರಾಯದುರ್ಗದ ಬಳಿ ಟಿ-ವರ್ಕ್ಸ್ ಎಂಬ ದೊಡ್ಡ ಕಾರ್ಯಾಗಾರವೂ ಆರಂಭವಾಯಿತು. ಹೊಸ ವಸ್ತುವಿನ ಮೊದಲ ಮಾದರಿಯನ್ನು ಮಾಡಿ ನೋಡಲೆಂದೇ ಅದನ್ನು ಕಟ್ಟಲಾಗಿದೆ.

ಕಡೆಯದಾಗಿ, ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಏಳುವ ಒಂದು ಶಂಕೆಗೆ ಉತ್ತರ ಹೇಳುವುದು ಅವಶ್ಯಕ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಉರ್ದು, ಯಂತ್ರದ ಮುಂದೆ ಇಂಗ್ಲಿಷು. ಹೀಗಿರುವಾಗ ಈ ವಿದ್ಯೆ ನಮಗೆ ದಕ್ಕೀತೆ ಎಂದು ಕೆಲವರು ಅಳುಕುತ್ತಾರೆ. ಆ ಅಳುಕಿನಿಂದಲೇ ಬುದ್ಧಿವಂತರಾದ ಎಷ್ಟೋ ಹುಡುಗರೂ ಹುಡುಗಿಯರೂ ಬೋರ್ಡನ್ನು ಮುಟ್ಟದೆಯೇ ದೂರ ಉಳಿಯುವ ಸಂಭವವಿದೆ. ಅದು ದೊಡ್ಡ ನಷ್ಟ. ಯಂತ್ರಕ್ಕೆ ಬೇಕಾದ ಇಂಗ್ಲಿಷ್ ಪದಗಳು ಆರಂಭದಲ್ಲಿ ಹತ್ತಿಪ್ಪತ್ತಕ್ಕಿಂತ ಹೆಚ್ಚಿಲ್ಲ. ಅವುಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಅವುಗಳ ಹಿಂದಿನ ಆಲೋಚನೆಗೆ ಇಂತಹುದೇ ಭಾಷೆಯೆಂಬ ಕಟ್ಟಿಲ್ಲ. ಮೇಲೆ ಬರೆದ ಐದು ಅಪ್ಪಣೆಗಳನ್ನು ನಾವು ಕನ್ನಡದಲ್ಲಿಯೇ ಓದಿದೆವಷ್ಟೆ? ಅರ್ಥವಾಗದೆ ಹೋಯಿತೆ? ಅದೂ ಅಲ್ಲದೆ, ಕ್ರಮವಿಧಿಯ ಸಾಲಿನಲ್ಲಿ ಎರಡು ಓರೆಗೆರೆಗಳನ್ನು ಎಳೆದು ಅವುಗಳ ಮುಂದೆ ಬರೆದ ಮಾತನ್ನು ಯಂತ್ರವು ಓದದೆ ಬಿಟ್ಟುಬಿಡುತ್ತದೆ; ಅದು ಓದುವ ಮನುಷ್ಯನಿಗಾಗಿ ಬರೆಯುವ ಟಿಪ್ಪಣಿ. ಅಲ್ಲಿ ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಪ್ರತಿಯೊಂದು ಸಾಲೂ ಏಕೆ ಬಂದಿತೆಂದು ಸ್ವಂತ ನುಡಿಯಲ್ಲಿ ಬರೆದಿಡುವವನು, ನಾಳೆ ತಮ್ಮಂದಿರಿಗೂ ತಂಗಿಯರಿಗೂ ಕಲಿಸಬಲ್ಲವನಾಗುತ್ತಾನೆ.

ಯಂತ್ರಗಳ ನಡುವೆ ಬಾಳುವುದು ನಮ್ಮ ಕಾಲದ ಹಣೆಬರಹವಾಗಿದೆ. ಗುಂಡಿ ಒತ್ತಿ ಸುಮ್ಮನಾಗುವುದಕ್ಕೆ ವಿದ್ಯೆ ಬೇಕಾಗಿಲ್ಲ. ಗುಂಡಿಯ ಹಿಂದೆ ಬರೆದಿರುವುದೇನೆಂದು ಓದಬಲ್ಲವರಿಗೆ ಯಂತ್ರದ ಭಯವಿಲ್ಲ, ಅದರ ಮೇಲೆ ಕುರುಡು ನಂಬಿಕೆಯೂ ಇಲ್ಲ. ಆ ಓದಿಗೆ ಓನಾಮವನ್ನು ಹಾಕಿಕೊಡಲು ಅಂಗೈಯಗಲದ ಈ ಹಲಗೆ ಸಾಕು. ಬರುವ ರಜೆಯಲ್ಲಿ ಗೆಳೆಯರು ಕೂಡಿ ಒಂದು ದೀಪವನ್ನು ಮಿಣುಕಿಸಿರಿ. ಬಳಿಕ ಐದನೆಯ ಅಪ್ಪಣೆಯನ್ನು ತೆಗೆದುಹಾಕಿ ಏನಾಗುವುದೆಂದು ಕಣ್ಣಾರೆ ನೋಡಿರಿ.